ಹಿತ್ತಾಳೆ ಬಿಲ್ಲೆಯ ಕೆಳಗೆ

ತಂಗಿ ತೀರಿಕೊಂಡ ಸುದ್ದಿ ಬಂದದ್ದು ಗುರುವಾರ ಬೆಳಗ್ಗೆ ಏಳು ಗಂಟೆಗೆ. ನಕ್ಷೆಯವರು ಆಗತಾನೆ ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ಕಡ್ಡಿಯನ್ನು ಊದಿ ಆರಿಸಿ, ಅದನ್ನು ಎಲ್ಲಿ ಹಾಕುವುದೆಂದು ಅತ್ತಿತ್ತ ನೋಡುತ್ತಿದ್ದರು. ಫೋನು ಬಡಿದುಕೊಂಡಿತು. ಹೆಂಡತಿ ಎತ್ತಿ ಕೇಳಿಸಿಕೊಂಡಳು. ಅದನ್ನು ತಂದು ಅವರ ಕೈಗೆ ಕೊಟ್ಟು, ಪಕ್ಕದಲ್ಲೇ ನಿಂತಳು. ಹೆಂಡತಿ ಹಾಗೆ ಪಕ್ಕದಲ್ಲಿ ನಿಂತದ್ದರಿಂದಲೇ ಅವರಿಗೆ ಅರ್ಧ ಗೊತ್ತಾಯಿತು.

"ಮಾವ," ಎಂದಿತು ತಂಗಿಯ ಮಗಳ ದನಿ. "ಅಮ್ಮ ಹೋದ್ರು ಮಾವ. ಅರ್ಧ ಗಂಟೆ ಆಯ್ತು."

ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದಳಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಅಮ್ಮ ಬೇಡ ಅಂದರು ಎಂಬ ಉತ್ತರ ಬಂತು. ಅಲ್ಲಿ ಇನ್ನೂ ಬುಧವಾರ ಸಂಜೆ ಏಳು ಗಂಟೆ. ಅವಳ ಊರಿಗೂ ಇವರ ಊರಿಗೂ ನಡುವೆ ಸರಿಯಾಗಿ ಅರ್ಧ ದಿನದ ಅಂತರ. ಇಲ್ಲಿ ಬೆಳಗಾದರೆ ಅಲ್ಲಿ ಹಿಂದಿನ ದಿನದ ಸಂಜೆ. ಹಾಗಾದರೆ ತಂಗಿ ಸತ್ತದ್ದು ನಿನ್ನೆಯೋ ಇವತ್ತೋ ಎಂಬ ಪ್ರಶ್ನೆ ಅವರ ತಲೆಯೊಳಗೆ ಎದ್ದಿತು. ಎದ್ದದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಆರಿದ ಕಡ್ಡಿ ಇನ್ನೂ ಬೆರಳ ನಡುವೆ ಇತ್ತು.

"ಶುಕ್ರವಾರ ಬೆಳಗ್ಗೆ ಹತ್ತಕ್ಕೆ, ಇಲ್ಲಾಂದ್ರೆ ಸಂಜೆ ನಾಲ್ಕಕ್ಕೆ ಚಿತಾಗಾರದಲ್ಲಿ ಜಾಗ ಕೊಡ್ತಾರಂತೆ ಮಾವ. ಅದು ತಪ್ಪಿದ್ರೆ ಮುಂದಿನ ವಾರ. ಅಷ್ಟು ದಿನ ಅಮ್ಮನ್ನ ಹಾಗೆ ಇಡೋಕೆ ನನ್ನ ಕೈಲಿ ಆಗಲ್ಲ. ನಿಮ್ಮೂರಿಂದ ದಿನಾ ಬೆಳಗ್ಗೆ ಹತ್ತಕ್ಕೆ ನೇರ ವಿಮಾನ ಇದೆಯಲ್ಲ, ನಾಳೆ ಅದಕ್ಕೆ ಹತ್ತಿದ್ರೆ ಯಾವಾಗ ಬಂದು ಸೇರ್ತೀರಿ? ಎಷ್ಟು ದೂರ ಆಗುತ್ತೆ ಮಾವ?"

"ತಾಳು ಮಗು, ನೋಡಿ ಹೇಳ್ತೀನಿ," ಎಂದರು ನಕ್ಷೆಯವರು.

ಐವತ್ತು ವರ್ಷ ಶಾಲೆಗಳಿಗೆ ಭೂಪಟ ಬರೆದುಕೊಟ್ಟ ಮನುಷ್ಯ. ಬೀದಿಯವರು ಅವರ ಹೆಸರನ್ನು ಮರೆತು ನಕ್ಷೆಯವರು ಎಂದು ಕರೆಯತೊಡಗಿ ಎಷ್ಟು ವರ್ಷವಾಯಿತೋ. ಹಜಾರದ ಗೋಡೆಯ ಮೇಲೆ ಅವರೇ ಬರೆದ ಪ್ರಪಂಚದ ಭೂಪಟ ತೂಗುತ್ತಿತ್ತು. ಮೇಲೊಂದು ಮರದ ಕೋಲು, ಕೆಳಗೊಂದು ಮರದ ಕೋಲು, ನಡುವೆ ಬಟ್ಟೆಗೆ ಅಂಟಿಸಿದ ಕಾಗದ. ಫೋನನ್ನು ಹೆಂಡತಿಗೆ ಕೊಟ್ಟು, ಅಡಿಪಟ್ಟಿ ತೆಗೆದುಕೊಂಡು, ತಮ್ಮ ಊರಿನ ಚುಕ್ಕಿಯಿಂದ ತಂಗಿಯ ಊರಿನ ಚುಕ್ಕಿಯವರೆಗೆ ಸಮುದ್ರ ಹಾಯಿಸಿ ನೇರವಾಗಿ ಅಳೆದರು. ಇಪ್ಪತ್ತು ಸಾವಿರ ಕಿಲೋಮೀಟರು. ವಿಮಾನ ಗಂಟೆಗೆ ಎಂಟುನೂರ ಎಪ್ಪತ್ತು ಹೋಗುತ್ತದೆಂದು ಹಿಡಿದರೆ ಇಪ್ಪತ್ತಮೂರು ಗಂಟೆ. ಸಮಯದ ಅಂತರ ಕಳೆದರೆ ಶುಕ್ರವಾರ ರಾತ್ರಿ ಒಂಬತ್ತು. ಲೆಕ್ಕ ಕೂಡಿಬಂದಾಗ ಒಳಗೆ ಎಲ್ಲೋ ಒಂದು ಚೂರು ಹಿತವಾಯಿತು. ಆ ಹಿತವನ್ನು ಅವರು ಆಮೇಲೆ ಎಷ್ಟು ತೊಳೆದರೂ ಹೋಗಲಿಲ್ಲ.

"ಆಗಲ್ಲ ಮಗು. ನಾನು ಬರೋಷ್ಟರಲ್ಲಿ ರಾತ್ರಿ ಒಂಬತ್ತು. ನನಗೋಸ್ಕರ ನಾಲ್ಕರವರೆಗೆ ಕಾದರೂ ಪ್ರಯೋಜನ ಇಲ್ಲ. ಬೆಳಗ್ಗೆ ಹತ್ತಕ್ಕೇ ಮುಗಿಸಿಬಿಡಿ. ಅವಳನ್ನ ಸುಮ್ಮನೆ ಕಾಯಿಸಬೇಡಿ."

"ಆಯ್ತು ಮಾವ," ಎಂದಳು ಹುಡುಗಿ. "ಆದ್ರೆ ಬನ್ನಿ. ಹೊರಟು ಬನ್ನಿ."

ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತು, ಮುಖ ತೊಳೆದುಕೊಂಡು ಬಂದಳು. "ರೀ, ಇನ್ನೂ ಅಡಿಪಟ್ಟಿ ಹಿಡ್ಕೊಂಡೇ ನಿಂತಿದ್ದೀರಲ್ಲ. ಮೂವತ್ತೇಳು ವರ್ಷ ಕರೆದಳು ನಿಮ್ಮ ತಂಗಿ. ಒಂದು ಸಲ ಬಾ ಅಣ್ಣ, ಒಂದು ಸಲ ಬಾ ಅಣ್ಣ ಅಂತ. ದೂರ ದೂರ ಅಂದ್ರಿ. ಹೋದ ವರ್ಷ ಪಾಸ್‌ಪೋರ್ಟು, ವೀಸಾ, ಕಾಗದಪತ್ರ ಎಲ್ಲಾ ಅವಳೇ ಮಾಡಿಸಿ ಕಳಿಸಿದಳು, ಬೀರುವಿನಲ್ಲಿ ಮಡಿಚಿಟ್ರಿ. ಮುಖ ನೋಡೋ ಯೋಗ ಇಲ್ಲದಿದ್ರೆ ಬೇಡ, ಆ ಮಗುವಿನ ಮುಖ ಆದ್ರೂ ನೋಡಿ ಬನ್ನಿ." ಅವರು ಅಡಿಪಟ್ಟಿಯನ್ನು ಮೊಳೆಗೆ ತೂಗುಹಾಕಿದರು. ಕಡ್ಡಿಯನ್ನು ಏನು ಮಾಡಬೇಕೆಂದು ತೋಚದೆ ಅಂಗಿಯ ಜೇಬಿಗೆ ಹಾಕಿಕೊಂಡರು.

ಬೀದಿಯ ಕೊನೆಯಲ್ಲಿದ್ದ ಟಿಕೆಟ್ ಆಫೀಸಿನ ಹೆಂಗಸಿಗೆ ನೆಗಡಿಯಾಗಿತ್ತು. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಒಂದು ಕೈಯಲ್ಲಿ ಕಂಪ್ಯೂಟರಿನ ಗುಂಡಿಗಳನ್ನು ಒತ್ತುತ್ತಿದ್ದಳು. ಗೋಡೆಯಲ್ಲಿ ವಿಮಾನದ ಚಿತ್ರವಿದ್ದ ಕ್ಯಾಲೆಂಡರು, ಮೂಲೆಯಲ್ಲಿ ನೀರಿನ ಕ್ಯಾನು. "ನಾಳೆ ಹತ್ತಕ್ಕೆ ಕಿಟಕಿ ಪಕ್ಕ ಒಂದೇ ಒಂದು ಸೀಟು ಉಳಿದಿದೆ, ನಿಮ್ಮ ಅದೃಷ್ಟ," ಎಂದಳು. "ಹತ್ತಕ್ಕೆ ಹೊರಡುತ್ತೆ. ಹದಿನೈದು ಗಂಟೆ ಹತ್ತು ನಿಮಿಷ. ಅಲ್ಲಿ ಮಧ್ಯಾಹ್ನ ಒಂದೂ ಹತ್ತಕ್ಕೆ ಇಳೀತೀರಿ."

"ಇಲ್ಲಮ್ಮ, ತಪ್ಪಿರಬೇಕು. ಇಪ್ಪತ್ತಮೂರು ಗಂಟೆ ಆಗುತ್ತೆ."

"ಯಜಮಾನ್ರೇ, ದಿನಾ ಹೋಗೋ ವಿಮಾನ ಇದು."

"ನಾನು ಐವತ್ತು ವರ್ಷ ಭೂಪಟ ಬರೆದವನು, ತಾಯಿ."

"ಭೂಪಟ ನೀವು ಬರೆದಿರಬಹುದು, ವಿಮಾನ ಅವರು ಓಡಿಸ್ತಾರೆ." ಹಾಗೆಂದವಳು ಅವರ ಮುಖ ನೋಡಿ ದನಿ ತಗ್ಗಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದಳು. "ನೋಡಿ. ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರು. ಹೊರಡೋದೂ ಶುಕ್ರವಾರ, ಇಳಿಯೋದೂ ಶುಕ್ರವಾರ. ದಿನ ಒಂದೇ, ಊಟ ಮಾತ್ರ ಮೂರು."

ಪರದೆಯ ಮೇಲೆ ಕೆಂಪು ಗೆರೆಯೊಂದು ಅವರ ಊರಿನಿಂದ ಹೊರಟು, ಸಮುದ್ರದ ಕಡೆಗೆ ತಿರುಗದೆ ನೆಟ್ಟಗೆ ಮೇಲಕ್ಕೆ ಹೋಗಿ, ಪ್ರಪಂಚದ ನೆತ್ತಿಯನ್ನು ದಾಟಿ, ಆ ಮಗ್ಗುಲಿಗೆ ಇಳಿದಿತ್ತು. ನಕ್ಷೆಯವರು ಮೇಜಿನ ಅಂಚು ಹಿಡಿದುಕೊಂಡರು. ಅವರು ಬರೆದ ಪ್ರತಿಯೊಂದು ಭೂಪಟದ ಕೆಳ ಅಂಚಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಅವರ ಕೈಯೇ ಒಂದು ಮಾತು ಬರೆಯುತ್ತಿತ್ತು: ಈ ಅಳತೆ ಸಮಭಾಜಕ ವೃತ್ತದ ಬಳಿ ಮಾತ್ರ ಸರಿ. ಸಾವಿರಾರು ಸಲ ಬರೆದಿದ್ದರು. ಕಣ್ಣು ಮುಚ್ಚಿ ಬರೆಯಬಲ್ಲರು. ಇವತ್ತು ಬೆಳಗ್ಗೆ ಅಡಿಪಟ್ಟಿ ಹಿಡಿದ ಕೈಗೆ ಆ ಮಾತು ಕಾಣಿಸಲಿಲ್ಲ. ಹತ್ತಕ್ಕೇ ಮುಗಿಸಿಬಿಡಿ. ಅವಳನ್ನ ಕಾಯಿಸಬೇಡಿ. ಒಂದೂ ಹತ್ತು. ಮೂರು ಗಂಟೆ ಹತ್ತು ನಿಮಿಷ ತಡ.

"ದಾಟಿಸು ಅಣ್ಣ," ಎಂದಳು ತಂಗಿ. ಆಗ ಅವಳಿಗೆ ಒಂಬತ್ತು ವರ್ಷ, ಅವರಿಗೆ ಇಪ್ಪತ್ತು. ಅಪ್ಪನ ಕಾರ್ಖಾನೆಯೆಂದರೆ ಉದ್ದನೆಯ ಒಂದು ಕೋಣೆ. ಒಂದು ಕಡೆ ಭೂಪಟಗಳು, ಇನ್ನೊಂದು ಕಡೆ ಗ್ಲೋಬುಗಳು. ಎಲೆಯ ಹಾಗೆ ಎರಡೂ ತುದಿ ಚೂಪಾದ ಹನ್ನೆರಡು ಕಾಗದದ ಪಟ್ಟಿಗಳನ್ನು ಗೋಂದು ಹಚ್ಚಿ ಗುಂಡಿನ ಮೇಲೆ ಕೂರಿಸಬೇಕು. ಎಷ್ಟು ಜಾಣ ಕೈಯಾದರೂ ಹನ್ನೆರಡೂ ತುದಿಗಳು ನೆತ್ತಿಯಲ್ಲಿ ಒಂದಕ್ಕೊಂದು ಸರಿಯಾಗಿ ಸೇರುತ್ತಿರಲಿಲ್ಲ. ಅಲ್ಲೊಂದು ಹರಕು ಉಳಿಯುತ್ತಿತ್ತು. ಅದನ್ನು ಮುಚ್ಚಲು ಅಪ್ಪ ಒಂದು ಹಿತ್ತಾಳೆಯ ಬಿಲ್ಲೆಯಿಟ್ಟು ತಿರುಪು ಬಿಗಿಯುತ್ತಿದ್ದ. ತಂಗಿಯ ಪುಟ್ಟ ಬೆರಳುಗಳು ಆ ಕೆಲಸಕ್ಕೆ ಚೆನ್ನಾಗಿ ಒಗ್ಗಿದ್ದವು. "ಬಿಲ್ಲೆ ಕೆಳಗೆ ಏನಿದೆ ಅಣ್ಣ?" ಎಂದು ಕೇಳಿದ್ದಳು. "ಏನೂ ಇಲ್ಲ," ಎಂದಿದ್ದರು. ಆ ದಿನ ಭೂಪಟ ಆರಿಸಲು ಶಾಲೆಯ ಭೂಗೋಳದ ಮೇಷ್ಟ್ರು ಬಂದಿದ್ದರು. ಎರಡು ದೂರದ ಊರುಗಳ ನಡುವೆ ಎಷ್ಟು ದೂರ ಎಂದು ಅವರು ಸುಮ್ಮನೆ ಕೇಳಿದಾಗ ಅಣ್ಣ ಅಡಿಪಟ್ಟಿ ಹಿಡಿದು ಗೋಡೆಯ ಕಡೆ ನಡೆದ. ತಂಗಿ ಹೊಲಿಗೆ ನೂಲಿನ ತುಂಡೊಂದನ್ನು ಗ್ಲೋಬಿನ ಮೇಲೆ ಎಳೆದು ಹಿಡಿದಳು. "ಅಣ್ಣಾ, ನೂಲು ಹೀಗೆ ಮೇಲಿಂದ ಹೋಗುತ್ತೆ, ಬಿಲ್ಲೆ ಅಡ್ಡ ಬರ್ತಿದೆ, ದಾಟಿಸು ಅಣ್ಣ. ನಿನ್ನದಕ್ಕಿಂತ ನಂದು ಹತ್ತಿರ!" ಮೇಷ್ಟ್ರು ಹುಬ್ಬೇರಿಸಿದರು. ಅಣ್ಣನ ಕಿವಿ ಬಿಸಿಯಾಯಿತು. "ನೋಡಿ ಮೇಷ್ಟ್ರೇ, ನಮ್ಮ ನೂಲಜ್ಜಿ ನೂಲಿನಲ್ಲಿ ಪ್ರಪಂಚ ಅಳೀತಾಳಂತೆ! ವಿಮಾನ ಓಡಿಸೋರು ಇವಳನ್ನ ಕೇಳ್ಕೊಂಡು ಹೋಗಬೇಕು!" ಎಂದು, ಎಲ್ಲರ ಮುಂದೆ ಕತ್ತರಿ ತೆಗೆದು, ಅವಳ ಎರಡು ಬೆರಳುಗಳ ನಡುವೆ ಬಿಗಿಯಾಗಿದ್ದ ನೂಲನ್ನು ಚಕ್ಕನೆ ಕತ್ತರಿಸಿದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ತಂಗಿ ಎರಡು ಕೈಗಳಲ್ಲಿ ಎರಡು ತುಂಡು ನೂಲು ಹಿಡಿದುಕೊಂಡು, ಯಾವುದನ್ನೂ ಕೆಳಗೆ ಬಿಡದೆ ಹೊರಗೆ ಹೋದಳು. ನೂಲಜ್ಜಿ ಎಂಬ ಹೆಸರು ಅವಳಿಗೆ ಮದುವೆಯಾಗುವವರೆಗೂ ಅಂಟಿಕೊಂಡಿತ್ತು.

ಮೂರು ವರ್ಷದ ನಂತರ, ನಕ್ಷೆ ಬರೆಯುವುದನ್ನು ಸರಿಯಾಗಿ ಕಲಿಯಲು ಹೋದಲ್ಲಿ, ಕಲಿಸುವವರು ದುಂಡನೆಯದನ್ನು ಚಪ್ಪಟೆ ಮಾಡಿದಾಗ ಏನೇನು ಸುಳ್ಳಾಗುತ್ತದೆಂದು ವಿವರಿಸಿದರು. ತಂಗಿಯ ನೂಲೇ ಸರಿ. ಅವತ್ತು ಮನೆಗೆ ಬಂದವರು ತಂಗಿಗೆ ಹೇಳಬೇಕೆಂದುಕೊಂಡರು. ಅವಳು ಬಟ್ಟೆ ಮಡಿಚುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡರು. ಭೂಪಟದ ಅಂಚಿನಲ್ಲಿ ಇರುವೆಯ ಅಕ್ಷರದಲ್ಲಿ ಬರೆದರು, ಅವಳಿಗೆ ಹೇಳಲಿಲ್ಲ. ಅವಳು ದಾದಿಯ ಕೆಲಸ ಹಿಡಿದು ಅಷ್ಟು ದೂರ ಹೊರಟಾಗಲೂ ಹೇಳಲಿಲ್ಲ. ಹೇಳಬೇಕಾದ ಮಾತು ಹಳೆಯದಾದಷ್ಟೂ ಹೇಳುವ ಬಾಯಿ ಚಿಕ್ಕದಾಗುತ್ತ ಹೋಯಿತು.

ಟಿಕೆಟ್ಟು ಹಿಡಿದು ಮನೆಗೆ ಬಂದಾಗ ಅಲ್ಲಿ ನಡುರಾತ್ರಿ. ಮಗು ಮಲಗಿರುತ್ತಾಳೆ, ಎಬ್ಬಿಸಬಾರದು ಎಂದು ಸುಮ್ಮನಾದರು. ಸಂಜೆ ಅಲ್ಲಿ ಬೆಳಗಾಯಿತು. ಫೋನಿನ ಮುಂದೆ ಕುಳಿತರು. ಏನೆಂದು ಹೇಳುವುದು? ತಪ್ಪು ಅಳೆದೆ ಮಗು. ಯಾಕೆ ಮಾವ? ಗೋಡೆಯ ಮೇಲೆ ಅಳೆದೆ. ಎತ್ತಿದರು, ಇಟ್ಟರು. ಎದ್ದು ಹೋಗಿ ಅಟ್ಟದ ಮೇಲಿಂದ ತಂಗಿಯ ಕೈಯ ಹಳೆಯ ಗ್ಲೋಬನ್ನು ಇಳಿಸಿ, ಹೆಂಡತಿಯ ಹೊಲಿಗೆ ಡಬ್ಬಿಯಿಂದ ನೂಲು ತೆಗೆದು, ಚುಕ್ಕಿಯಿಂದ ಚುಕ್ಕಿಗೆ ಎಳೆದು ಹಿಡಿದರು. ನೂಲು ತಾನಾಗಿಯೇ ಜಾರಿ ಮೇಲಕ್ಕೆ ಹೋಗಿ ಬಿಲ್ಲೆಗೆ ತಾಗಿ ನಿಂತಿತು. ಅಳತೆಯ ನೂಲನ್ನು ಕತ್ತರಿಸಿ, ಜೇಬಿನಲ್ಲಿದ್ದ ಕಡ್ಡಿಗೆ ಸುತ್ತಿಟ್ಟುಕೊಂಡರು. ಒಬ್ಬ ಮುದುಕ ಮರ್ಯಾದೆಗೆ ಅಂಜಿ ತಂಗಿಯ ಮುಖ ಕಳೆದುಕೊಳ್ಳುತ್ತಿದ್ದಾನೆ ಎಂದು ಅವರಿಗೇ ಗೊತ್ತಿತ್ತು. ಗೊತ್ತಿದ್ದೂ ಕುಳಿತೇ ಇದ್ದರು. ಶುಕ್ರವಾರ ಬೆಳಗ್ಗೆ ಹೊರಡುವ ಮುಂಚೆ ಧೈರ್ಯ ಮಾಡಿ ಸಂಖ್ಯೆ ಒತ್ತಿದರೆ, ಹುಡುಗಿ ಎತ್ತಲಿಲ್ಲ. ಯಂತ್ರದ ದನಿಯೊಂದು ಯಾವುದೋ ಭಾಷೆಯಲ್ಲಿ ಏನೋ ಹೇಳಿ, ಕೀ ಎಂದಿತು. "ಮಗು, ನಾನು, ಮಾವ..." ಎಂದರು. ಮುಂದಿನ ಮಾತು ಹೊರಡಲಿಲ್ಲ. ಇನ್ನೊಂದು ಸಲ ಕೀ ಎಂದು ಅದೂ ನಿಂತಿತು.

ವಿಮಾನದಲ್ಲಿ ಪಕ್ಕದವಳು ಹಲ್ಲಿನ ಡಾಕ್ಟರು, ನಲವತ್ತರ ಆಸುಪಾಸು. ಬೆಲ್ಟು ಸಿಕ್ಕಿಸಲು ತಡಕಾಡುತ್ತಿದ್ದ ಅವರಿಗೆ ತಾನೇ ಸಿಕ್ಕಿಸಿ, "ಮೊದಲನೇ ಸಲಾನಾ?" ಎಂದು ಕೇಳಿ, ಎರಡನೇ ಊಟದವರೆಗೆ ನಿದ್ದೆ ಮಾಡಿದಳು. ಎಲ್ಲರ ಮುಂದೂ ಒಂದೊಂದು ಪುಟ್ಟ ಪರದೆ. ಅದರಲ್ಲಿ ಬಿಳಿಯ ವಿಮಾನ ಇಂಚಿಂಚೇ ಮೇಲಕ್ಕೆ ಸರಿಯುತ್ತಿತ್ತು. ಇನ್ನು ಉಳಿದ ದೂರ, ಕಳೆದ ಸಮಯ, ಹೊರಗಿನ ಚಳಿ, ಇಳಿಯುವ ಊರಿನ ಗಡಿಯಾರ. ಆ ಗಡಿಯಾರವನ್ನು ನಕ್ಷೆಯವರು ಕಣ್ಣು ಕೀಳದೆ ನೋಡಿದರು. ಅಲ್ಲಿ ಗುರುವಾರ ರಾತ್ರಿ ಹನ್ನೊಂದು. ಹನ್ನೆರಡು. ಶುಕ್ರವಾರವಾಯಿತು, ಬೆಳಗಿನ ಮೂರಾಯಿತು. ಹೊರಗೆ ಮಾತ್ರ ಹಗಲು ಹಾಗೇ ಇತ್ತು. ಗಗನಸಖಿಯೊಬ್ಬಳು ಬಂದು, "ಅಜ್ಜ, ಎಲ್ಲರೂ ಮಲಗಿದ್ದಾರೆ, ಕಿಟಕಿ ಮುಚ್ಚಿ," ಎಂದಳು. ಎರಡು ಸಾಲು ಹಿಂದಿನವನೊಬ್ಬ, "ಒಬ್ಬರಿಗೋಸ್ಕರ ನಾವೆಲ್ಲ ಕಣ್ಣು ಬಿಟ್ಕೊಂಡು ಕೂರಬೇಕಾ?" ಎಂದು ಗೊಣಗಿದ. ನಕ್ಷೆಯವರು ಬೈಸಿಕೊಂಡ ಶಾಲೆಯ ಹುಡುಗನಂತೆ ಕಿಟಕಿಯ ಮುಚ್ಚಳವನ್ನು ಕೆಳಗೆ ಎಳೆದರು. ಎಳೆದು, ಎರಡು ಬೆರಳಿನಷ್ಟು ಸಂದು ಬಿಟ್ಟು, ಸೊಂಟ ಬಗ್ಗಿಸಿ ಆ ಸಂದಿಗೆ ಕಣ್ಣಿಟ್ಟರು.

ಕೆಳಗೆ ಬಿಳುಪು. ಮೋಡವೆಂದುಕೊಂಡರು, ಮೋಡವಲ್ಲ, ಅದಕ್ಕೆ ಬಿರುಕುಗಳಿದ್ದವು. ನೀರು ಹೆಪ್ಪುಗಟ್ಟಿ, ಒಡೆದು, ಒಡೆದ ಚೂರುಗಳು ಮತ್ತೆ ಕೂಡಿ, ಕೂಡಿದ ಗೆರೆಗಳು ಮತ್ತೆ ಸೀಳಿ, ಕಣ್ಣು ಹೋಗುವಷ್ಟು ದೂರ ಹಾಗೆಯೇ ಹಬ್ಬಿತ್ತು. ಬಿರುಕುಗಳಲ್ಲಿ ಮಸಿಯಂತೆ ಕಪ್ಪಾದ ನೀರು. ಕೆಲವು ಕಡೆ ಬಿಳುಪಿನ ಮೇಲೆ ತಿಳಿನೀಲಿಯ ಮಡುಗಳು, ಒಂದೊಂದರಲ್ಲೂ ಒಂದೊಂದು ಸೂರ್ಯ. ಮನೆಯಿಲ್ಲ, ಗೆರೆಯಿಲ್ಲ, ಹೆಸರಿಲ್ಲ. ಹೆಸರು ಬರೆಯಲು ಜಾಗ ಹುಡುಕುವುದೇ ಬದುಕಾಗಿದ್ದ ಮನುಷ್ಯನಿಗೆ ಹೆಸರೇ ಬೇಡದ ಇಷ್ಟು ಜಾಗ ಕಂಡಿತು. ಸೂರ್ಯ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಒಂದೇ ಎತ್ತರದಲ್ಲಿ ನಿಂತು, ದೇವರಿಗೆ ಪ್ರದಕ್ಷಿಣೆ ಬರುವವನ ಹಾಗೆ ಮೆಲ್ಲನೆ ಮಗ್ಗುಲಿಗೆ ಸರಿಯುತ್ತಿದ್ದ. ಇದೇ ಆ ಜಾಗ. ಗೋಡೆಯ ಭೂಪಟದಲ್ಲಿ ಇದು ಮೇಲಿನ ಮರದ ಕೋಲಿನ ಅಡಿಗೆ ಹೋಗುತ್ತಿತ್ತು. ಕೋಲಿಗೆ ಸುತ್ತಲು ಕಾಗದ ಬೇಕಲ್ಲ ಎಂದು ಅವರೇ ಇಲ್ಲಿ ನಾಲ್ಕು ಬೆರಳು ಖಾಲಿ ಬಿಡುತ್ತಿದ್ದರು. ಗ್ಲೋಬಿನಲ್ಲಿ ಇದು ಹಿತ್ತಾಳೆ ಬಿಲ್ಲೆಯ ಕೆಳಗೆ. ಅಪ್ಪ, ಮಗ ಇಬ್ಬರೂ ಸೇರಿ ಇಡೀ ಆಯುಷ್ಯ ಇದನ್ನು ಮುಚ್ಚಿದರು. ಏನೂ ಇಲ್ಲ ಎಂದು ಒಂಬತ್ತು ವರ್ಷದ ಮಗುವಿಗೆ ಹೇಳಿದರು. ಯಾರೂ ನೋಡದಿದ್ದರೂ, ಯಾರೂ ಬರೆಯದಿದ್ದರೂ, ಒಂದೊಂದು ಬಿರುಕನ್ನೂ ಬೇರೆ ಬೇರೆಯಾಗಿ ಸೀಳಿ, ಒಂದೊಂದು ಮಡುವಿಗೂ ಅದರದೇ ಬೆಳಕು ತುಂಬಿ ಇಟ್ಟಿದ್ದಾನಲ್ಲ ಆ ಭಗವಂತ, ಯಾರಿಗೋಸ್ಕರ? ಅವರಿಗೆ ಅರಿವಿಲ್ಲದೆಯೇ ಕೈಗಳು ಕೂಡಿಕೊಂಡಿದ್ದವು. ತಂಗಿ ಬಂದದ್ದೂ ಇದೇ ನೂಲಿನ ಮೇಲೆ. ಮೂವತ್ತೇಳು ವರ್ಷದಲ್ಲಿ ಎರಡು ಸಲ ಊರಿಗೆ ಬಂದು ಹೋಗುವಾಗ ಈ ಬಿಳುಪನ್ನು ಅವಳು ನೋಡಿರಲೇಬೇಕು. ಬಿಲ್ಲೆ ಕೆಳಗೆ ಏನಿದೆ ಅಂತ ನೋಡಿದೆ ಅಣ್ಣ ಎಂದು ಒಮ್ಮೆಯೂ ಆಡಿ ತೋರಿಸಲಿಲ್ಲ.

"ಏನು ನೋಡ್ತಿದ್ದೀರಿ ಅಷ್ಟು ಹೊತ್ತಿಂದ?" ಹಲ್ಲಿನ ಡಾಕ್ಟರು ಎಚ್ಚರವಾಗಿದ್ದಳು. "ಕತ್ತು ಹಿಡ್ಕೊಂಡ್ರೆ ನನ್ನ ಕೈಲಿ ಆಗಲ್ಲ, ನಾನು ಬರೀ ಹಲ್ಲಿಗೆ."

"ನೀವೇ ನೋಡಿಮ್ಮ."

ಅವಳು ಅವರ ಮಡಿಲಿನ ಮೇಲೆ ಬಾಗಿ ಸಂದಿಗೆ ಮುಖವಿಟ್ಟಳು. ತುಂಬ ಹೊತ್ತು ಮೇಲೇಳಲಿಲ್ಲ. "ಹನ್ನೊಂದನೇ ಸಲ ಹೋಗ್ತಿದ್ದೀನಿ ರೀ," ಎಂದಳು ಕೊನೆಗೆ, ಪಿಸುದನಿಯಲ್ಲಿ. "ಹಿಂದಿನ ಹತ್ತು ಸಲವೂ ನಿದ್ದೆ ಮಾಡಿದೀನಿ." ಆಮೇಲೆ, "ಯಾರನ್ನ ನೋಡೋಕೆ ಹೋಗ್ತಿದ್ದೀರಿ?" ಎಂದು ಕೇಳಿದಳು.

"ತಂಗೀನ," ಎಂದರು. ಗಡಿಯಾರ ಹತ್ತಕ್ಕೆ ಇಪ್ಪತ್ತು ನಿಮಿಷವಿದೆ ಎನ್ನುತ್ತಿತ್ತು.

ಹತ್ತಾಯಿತು. ಅವರು ಪರದೆಯ ಮೇಲೆ ಅಂಗೈ ಇಟ್ಟು ಮುಚ್ಚಿದರು. ಈಗ ಎತ್ತಿರುತ್ತಾರೆ. ಈಗ ಬಾಗಿಲು ಹಾಕಿರುತ್ತಾರೆ. ಇನ್ನೂ ಮೂರು ಗಂಟೆ ಹತ್ತು ನಿಮಿಷ, ಎರಡು ಸಾವಿರದ ಏಳುನೂರು ಕಿಲೋಮೀಟರು. ನೂಲಿನ ಮೇಲೆ ಒಂದೂವರೆ ಅಂಗುಲವೂ ಆಗದು. ತಾನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಈ ಒಂದೂವರೆ ಅಂಗುಲವನ್ನು ಅವಳು ಕಾಯುತ್ತಿದ್ದಳು. ಹಿಂದಿನವನು ಗೊರಕೆ ಹೊಡೆಯುತ್ತಿದ್ದ. ಹಲ್ಲಿನ ಡಾಕ್ಟರು ತನ್ನ ಕಾಗದದ ಕರವಸ್ತ್ರವನ್ನು ಅವರ ಮಂಡಿಯ ಮೇಲಿಟ್ಟು, ಮತ್ತೆ ಕಿಟಕಿಯ ಕಡೆ ನೋಡಿದಳು.

ಹೊರಬರುವ ಬಾಗಿಲಲ್ಲಿ ಒಬ್ಬಳು ಕಾಯುತ್ತಿದ್ದಳು. ಹಣೆ ತಂಗಿಯದೇ. ಕೂದಲಲ್ಲಿ ಆಗಲೇ ಒಂದೆರಡು ಬಿಳಿ ಎಳೆ. ನಕ್ಷೆಯವರು ಚೀಲವನ್ನು ನೆಲದ ಮೇಲಿಟ್ಟರು. ಅಳುವುದಕ್ಕೂ ಮೊದಲು ಕೇಳಿದರು. "ಹತ್ತಕ್ಕೇ ಆಯ್ತೇನಮ್ಮ?"

"ಇಲ್ಲ ಮಾವ. ನಾಲ್ಕಕ್ಕೆ."

ಅವರಿಗೆ ಅರ್ಥವಾಗಲಿಲ್ಲ. ಹುಡುಗಿ ಅವರ ಎರಡೂ ಕೈ ಹಿಡಿದುಕೊಂಡಳು. "ನಿಮಗೋಸ್ಕರ ಕಾಯೋದು ಅಂತ ಅಮ್ಮ ಇದ್ದಾಗಲೇ ತೀರ್ಮಾನ ಆಗಿತ್ತು. ಅಮ್ಮ ಹೇಳಿದ್ರು, ನಾನು ಹೋದ ಮೇಲೆ ನಿಮ್ಮ ಮಾವನಿಗೆ ಎಷ್ಟು ಹೊತ್ತಾಗುತ್ತೆ ಅಂತ ಕೇಳು, ಕೇಳದಿದ್ರೆ ಅವನಿಗೆ ಬೇಜಾರು. ಅವನು ಗೋಡೆ ಮೇಲೆ ಅಳೆದು ಬರಕ್ಕಾಗಲ್ಲ ಅಂತಾನೆ. ಎದುರು ಮಾತಾಡಬೇಡ, ಆಯ್ತು ಅನ್ನು. ಅವನು ಹೇಳಿದ ಪ್ರಯಾಣದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಕಳೆದು ಕಾಯಿ." ಹೇಳುತ್ತ ಹೇಳುತ್ತ ಹುಡುಗಿಗೆ ನಗು ಬಂತು, ನಗುವಿನ ನಡುವೆಯೇ ಅಳು ಬಂತು. "ನಿಮ್ಮ ದನಿ ಯಂತ್ರದಲ್ಲಿ ಕೇಳಿ ಅತ್ತೆಗೆ ಫೋನ್ ಮಾಡಿದ್ರೆ, ನೀವು ಆಗಲೇ ಹೊರಟಾಗಿತ್ತು. ಎಷ್ಟು ಒದ್ದಾಡಿದ್ರೋ ದಾರಿಯಲ್ಲಿ."

"ಕಳೆಯೋದು ಯಾಕೆ ಅಂತ ಹೇಳಿದ್ಲಾ?"

"ಇಲ್ಲ. ಅದು ನಮ್ಮಿಬ್ಬರ ವಿಷಯ ಅಂದ್ರು."

ನಾಲ್ಕು ಗಂಟೆಗೆ ಮುಂಚೆ, ಬಿಳಿಯ ಗೋಡೆಗಳ ಒಂದು ಸಣ್ಣ ಕೋಣೆಯಲ್ಲಿ ಅವರನ್ನು ಒಬ್ಬರನ್ನೇ ಬಿಟ್ಟರು. ಮುಖ ಸಣ್ಣದಾಗಿತ್ತು. ಎರಡು ಕೈಗಳೂ ಬಿಳಿಯ ಬಟ್ಟೆಯ ಮೇಲೆ, ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗುವ ಹಾಗೆ, ಏನನ್ನೋ ಹಿಡಿದು ಬಿಟ್ಟ ಹಾಗೆ ಇದ್ದವು. ಹೊರಗೆ ಶುಕ್ರವಾರದ ಅದೇ ಹಗಲು. ಅವರು ಮನೆ ಬಿಟ್ಟಾಗ ಇದ್ದ ಸೂರ್ಯ ಇನ್ನೂ ಮುಳುಗಿರಲಿಲ್ಲ. ನಕ್ಷೆಯವರು ಜೇಬಿನಿಂದ ಕಡ್ಡಿಯನ್ನು ತೆಗೆದು, ಅದಕ್ಕೆ ಸುತ್ತಿದ್ದ ನೂಲನ್ನು ಬಿಚ್ಚಿ, ಒಂದು ತುದಿಯನ್ನು ಅವಳ ಬಲಗೈಯ ಬೆರಳ ನಡುವೆ, ಇನ್ನೊಂದು ತುದಿಯನ್ನು ಎಡಗೈಯ ಬೆರಳ ನಡುವೆ ಇಟ್ಟರು. ನೂಲು ಅವಳ ಎದೆಯ ಮೇಲೆ ತುಂಡಾಗದೆ ಮಲಗಿತು.

"ನಿಂದೇ ಹತ್ತಿರ, ಪುಟ್ಟಿ," ಎಂದರು. ಐವತ್ತಾರು ವರ್ಷದ ನಂತರ ಆ ಮಾತು ಇಷ್ಟು ಚಿಕ್ಕದಾಗಿ ಹೊರಬಂತು. ಬಿಲ್ಲೆಯ ಕೆಳಗೆ ತಾನು ಏನು ನೋಡಿದೆ ಎಂದೂ ಹೇಳಬೇಕೆಂದಿದ್ದರು. ಆದರೆ ಅದನ್ನು ಅವಳಿಗೆ ಹೇಳುವ ಅಗತ್ಯವಿರಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದರು. ಕಣ್ಣೊಳಗೆ ಆ ಬಿಳುಪು ಇನ್ನೂ ಇತ್ತು, ಕೊನೆಯಿಲ್ಲದೆ, ಹೆಸರಿಲ್ಲದೆ, ಬೆಳಕಿನಿಂದ ತುಂಬಿ.

ಸ್ವಾಮಿ, ನಾನು ಚಪ್ಪಟೆ ಮಾಡಿದ್ದನ್ನು ನೀನು ದುಂಡಗೇ ಇಟ್ಟಿದ್ದೀಯೆ. ನಾನು ದೂರವೆಂದದ್ದನ್ನು ಹತ್ತಿರವೇ ಇಟ್ಟಿದ್ದೀಯೆ. ಈ ಮಗು ಈಗ ನಿನ್ನ ಕಡೆ ಹೊರಟಿದ್ದಾಳೆ. ಅದು ಬಹಳ ದೂರ ಎಂದು ಅವಳಿಗೆ ಯಾರೂ ಹೇಳದಿರಲಿ. ಅವಳು ಎಳೆದು ಹಿಡಿದದ್ದನ್ನು ಇನ್ನೊಮ್ಮೆ ಯಾರೂ ಕತ್ತರಿಸದಿರಲಿ. ಮುಳುಗದ ಆ ಹಗಲಿನಲ್ಲಿ ಅವಳಿಗೆ ಒಂದು ಎಡೆ ಕೊಡು, ಶಾಂತಿ ಕೊಡು, ಸ್ವಾಮಿ.